ಕಂಪ್ಯೂಟರಿನ ಧೂಳು ಯಾರು ತೆಗೆಯಬೇಕು?

ಇಂದಿನ ಚಿಂತನೆಗೆ ಎರಡು ಹಳೆಯ ಕಥೆ, ಒಂದು ಹೊಸ ತಕರಾರು.

ರಾಜಗೃಹದ ಬೀದಿ ಗುಡಿಸುತ್ತಿದ್ದ ಸುನೀತನ ಕಥೆ ನಮಗೆಲ್ಲ ಗೊತ್ತು. ಬಾಬಾಸಾಹೇಬರು ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅದನ್ನು ಸೇರಿಸಿದ್ದಾರೆ. ಬುದ್ಧರು ಎದುರು ಬಂದಾಗ ಸುನೀತ ಹೆದರಿ ಗೋಡೆಗೆ ಅಂಟಿಕೊಂಡು ನಿಂತ. ಬುದ್ಧರು ಅವನನ್ನು ಮಾತಾಡಿಸಿ ಸಂಘಕ್ಕೆ ಕರೆದುಕೊಂಡರು. ಹುಟ್ಟಿನಿಂದ ಅಂಟಿದ್ದ ಚಾಕರಿ ಅಲ್ಲಿಗೆ ಮುಗಿಯಿತು.

ಇನ್ನೊಂದು ಚುಲ್ಲಪಂಥಕನ ಕಥೆ. ಅವನು ರಾಜಗೃಹದ ಸಿರಿವಂತ ಶ್ರೇಷ್ಠಿಯ ಮೊಮ್ಮಗ. ಭಿಕ್ಕುವಾದ ಮೇಲೆ ನಾಲ್ಕು ತಿಂಗಳು ಹೆಣಗಿದರೂ ಒಂದು ಗಾಥೆ ಬಾಯಿಪಾಠ ಬರಲಿಲ್ಲ. ಸ್ವಂತ ಅಣ್ಣನೇ ವಿಹಾರ ಬಿಟ್ಟು ಹೋಗು ಎಂದ. ಆಗ ಬುದ್ಧರು ಅವನ ಕೈಗೊಂದು ಬಿಳಿ ಬಟ್ಟೆ ಕೊಟ್ಟು, ‘ರಜೋಹರಣಂ’ ಎನ್ನುತ್ತಾ ಉಜ್ಜು ಎಂದರು. ರಜ ಅಂದರೆ ಧೂಳು. ಉಜ್ಜುತ್ತಾ ಉಜ್ಜುತ್ತಾ ಬಟ್ಟೆ ಕೊಳೆಯಾಯಿತು. ಅದನ್ನು ನೋಡಿ ಅವನಿಗೆ ಅನಿತ್ಯ ಅರ್ಥವಾಯಿತು. (ಈ ಕಥೆಯಲ್ಲಿ ಪವಾಡಗಳೂ ಇವೆ. ನಮಗೆ ಬೇಡ, ಬಟ್ಟೆ ಸಾಕು.)

ಗುಡಿಸುವವನನ್ನು ಗುಡಿಸುವುದರಿಂದ ಬಿಡಿಸಿದರು, ಶ್ರೇಷ್ಠಿಯ ಮೊಮ್ಮಗನ ಕೈಗೆ ಬಟ್ಟೆ ಕೊಟ್ಟರು. ಇವೆರಡನ್ನೂ ನಾನು ಒಟ್ಟಿಗೆ ನೆನೆಯುವಂತಾದದ್ದು ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಿಂದ.

ಕನ್ನಡ ಮೇಷ್ಟ್ರಿಗೆ ಕಂಪ್ಯೂಟರ್ ಕೋಣೆ ಯಾಕೆ ಗಂಟುಬಿತ್ತು ಎಂದು ಕೇಳಬೇಡಿ. ಶಾಲೆಗಳಲ್ಲಿ ಒಮ್ಮೆ ಮೌಸ್ ಹಿಡಿದವರೇ ಶಾಶ್ವತ ಉಸ್ತುವಾರಿ. ಬೇಸಿಗೆ ರಜೆ ಮುಗಿಸಿ ಬೀಗ ತೆಗೆದರೆ ಪ್ರತಿ ಸಿಪಿಯು ಒಳಗೂ ಕೆಂಪು ಧೂಳು, ಸೀಮೆಸುಣ್ಣದ ಪುಡಿ, ಜೇಡರ ಬಲೆ. ಪ್ರೊಸೆಸರ್ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಹೀಟ್‌ಸಿಂಕ್ ಇರುತ್ತದೆ, ಅದರ ಮೇಲೆ ಫ್ಯಾನು. ಪಟ್ಟಿಗಳ ಸಂದಿಯಲ್ಲಿ ಧೂಳು ಕಂಬಳಿಯಂತೆ ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಯಂತ್ರ ತಾನೇ ನಿಧಾನವಾಗುತ್ತದೆ, ಇನ್ನೂ ಬಿಸಿಯಾದರೆ ತಾನೇ ಆಫ್ ಆಗುತ್ತದೆ. ಮಕ್ಕಳು ವೈರಸ್ ಅನ್ನುತ್ತಾರೆ. ಎಷ್ಟೋ ಸಲ ಅದು ಬರೀ ಧೂಳು.

ತೆಗೆಯುವುದಕ್ಕೆ ಒಂದು ಕ್ರಮವಿದೆ. ಮೊದಲು ಶಟ್‌ಡೌನ್ ಮಾಡಿ, ಸ್ವಿಚ್ ಆರಿಸಿ, ಪ್ಲಗ್ ಕೀಳಬೇಕು. ಆಮೇಲೆ ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ಕರೆಂಟು ಇಳಿಯುತ್ತದೆ. ಕರೆಂಟು ಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ಕಿತ್ತರೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯ ಉಳಿದಿರುತ್ತದೆ. ಜಗುಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಗಿದ ಮೆತ್ತನೆಯ ಪೇಂಟ್ ಬ್ರಷ್ಷಿನಿಂದ ಸಡಿಲಿಸಿ, ಕೈಬ್ಲೋವರಿನಿಂದ ಸ್ವಲ್ಪ ಸ್ವಲ್ಪವೇ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಗಾಳಿಗೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ ಬೇಡ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರ್ ಬೋರ್ಡಿನ ಹತ್ತಿರ ಬೇಡ.

ಮಕ್ಕಳಿಗೆ ಬಹಳ ಹಿಡಿಸುವ ಸಂಗತಿ ಒಂದಿದೆ. ನಮ್ಮ ಮೈಯಲ್ಲೇ ಸ್ಥಿರ ವಿದ್ಯುತ್ತು ತುಂಬಿಕೊಂಡಿರಬಹುದು. ನಮಗೆ ಚುರುಕ್ ಅನ್ನಿಸದಷ್ಟು ಸಣ್ಣ ಹೊಡೆತವೂ ಚಿಪ್ಪಿಗೆ ಸಾಕು. ಆದ್ದರಿಂದ ಒಳಗೆ ಕೈ ಹಾಕುವ ಮೊದಲು, ಮಧ್ಯೆ ಮಧ್ಯೆಯೂ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಬೇಕು. ಶುಚಿ ಮಾಡಲು ಬಂದವನ ಕೈಯೇ ಕೆಡಿಸೀತು ಎಂದರೆ ಅವರ ಕಣ್ಣು ಅರಳುತ್ತದೆ.

ತಕರಾರು ಆಮೇಲಿನದು. ಹೀಟ್‌ಸಿಂಕಿನಲ್ಲಿ ಇರುವವರೆಗೆ ಆ ಧೂಳು ‘ಟೆಕ್ನಿಕಲ್’. ಅದಕ್ಕೆ ಸ್ಕ್ರೂಡ್ರೈವರ್ ಬೇಕು, ಜಾಣ ಹುಡುಗರು ಬೇಕು. ಊದಿದ ಮೇಲೆ ಅದೇ ಧೂಳು ಜಗುಲಿಯ ಮೇಲೆ ಬಿದ್ದು ಕಸವಾಗುತ್ತದೆ. ಅದಕ್ಕೆ ಪೊರಕೆ ಬೇಕು, ಬೇರೆ ಹುಡುಗರು ಬೇಕು. ಒಬ್ಬ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: “ಗುಡಿಸೋಕೆ ಆ ನಾಲ್ವರನ್ನ ಕರೀರಿ, ನೀಟಾಗಿ ಗುಡಿಸ್ತಾರೆ.” ಆ ನಾಲ್ವರು ಯಾವ ಬೀದಿಯಿಂದ ಬರುತ್ತಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಬೈದು ಕೊಟ್ಟ ಪೊರಕೆಯನ್ನಾದರೂ ಮಗು ಎಸೆದೀತು. ಹೊಗಳಿ ಕೊಟ್ಟದ್ದನ್ನು ಎಸೆಯುವುದು ಕಷ್ಟ.

ನಾನು ಹಾಜರಿ ಸಂಖ್ಯೆಯ ಚೀಟಿ ಎತ್ತಿಸಿದೆ. ಯಾರು ಸ್ಕ್ರೂ ಬಿಚ್ಚುತ್ತಾರೋ ಅವರೇ ಕೆಳಗೂ ಗುಡಿಸಬೇಕು, ನಾನೂ ಸೇರಿ. ಇದು ನ್ಯಾಯ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ಆದರೆ ಮರುದಿನ ಒಬ್ಬ ಹುಡುಗನ ತಂದೆ ಬಂದರು, ಪೌರಕಾರ್ಮಿಕರು. ಜಗಳ ಮಾಡಲಿಲ್ಲ. “ಮೇಷ್ಟ್ರೇ, ಸ್ಕ್ರೂ ಬಿಚ್ಚೋದು ಎಷ್ಟು ಬೇಕಾದ್ರೂ ಕಲಿಸಿ. ಪೊರಕೆ ಮಾತ್ರ ಬೇಡ. ಅದನ್ನ ಕಲಿಯೋಕೆ ಅವನು ಶಾಲೆಗೆ ಬರಬೇಕಾ, ಮನೇಲಿ ನಾನಿಲ್ವಾ?”

ಇದಕ್ಕೆ ಸ್ಟಾಫ್ ರೂಮಿನಲ್ಲಿ ಸಿಗುವ ಉತ್ತರ ‘ಶ್ರಮಗೌರವ’. ಗಾಂಧೀಜಿ ತಮ್ಮ ಶೌಚಾಲಯ ತಾವೇ ತೊಳೆಯಲಿಲ್ಲವೇ ಎನ್ನುತ್ತಾರೆ. ತೊಳೆದರು, ನಿಜ. ಆದರೆ ಜಾಡಮಾಲಿಯ ಕೆಲಸವನ್ನು ಪವಿತ್ರವೆಂದು ಹಾಡಿ ಹೊಗಳುತ್ತಾ ಆ ಜನರನ್ನು ಅಲ್ಲೇ ಇರಿಸುವುದನ್ನು ಬಾಬಾಸಾಹೇಬರು ಕಾಂಗ್ರೆಸ್ ಮತ್ತು ಗಾಂಧಿಯವರ ಕುರಿತ 1945ರ ಪುಸ್ತಕದಲ್ಲಿ ಕಟುವಾಗಿ ಟೀಕಿಸಿದ್ದಾರೆ. 1927ರಲ್ಲಿ ಮಹಾಡ್‌ನಲ್ಲಿ ನಮ್ಮ ಹಿರಿಯರು ಕೇಳಿಸಿಕೊಂಡದ್ದೂ ಸತ್ತ ದನದ ಮಾಂಸ ಬಿಡಿ, ಹೀನ ಬದುಕು ಬಿಡಿ ಎಂಬ ಮಾತನ್ನೇ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಬಂತು. ಅದರ ನಂತರವೂ, 2023ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿದ್ದೇವೆ. ಆ ತಂದೆಗೆ ‘ಎಲ್ಲರೂ ಗುಡಿಸುತ್ತಾರಲ್ಲ’ ಎಂದು ಹೇಳುವ ಧೈರ್ಯ ನನಗಿಲ್ಲ. ಅವರು ಹೇಳಿದ್ದು ಸರಿ. ತಲೆಮಾರುಗಳ ಕಾಲ ಪೊರಕೆ ಹಿಡಿದ ಮನೆಯ ಮಗುವಿಗೆ ಬೇಡ ಎನ್ನುವ ಹಕ್ಕು ಮೊದಲು ಬರಬೇಕು.

ಇನ್ನೊಂದು ಮಾತನ್ನೂ ಬಿಡಲಾರೆ. ಸಂಘದಲ್ಲಿ ವಿಹಾರ ಗುಡಿಸುವುದು ಭಿಕ್ಕುಗಳದೇ ಕೆಲಸ. ಸುನೀತನೂ ಅಲ್ಲಿ ಗುಡಿಸಿರಬೇಕು. ಅತಿಸಾರದಿಂದ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಕುವನ್ನು ಬುದ್ಧರೂ ಆನಂದರೂ ಸೇರಿ ತೊಳೆದ ಪ್ರಸಂಗ ವಿನಯದಲ್ಲಿದೆ. ಶುಚಿ ಮಾಡುವುದು ಕೀಳಾಗಿದ್ದರೆ ಬುದ್ಧರು ನೀರು ಹಿಡಿಯುತ್ತಿದ್ದರೇ? ಸಂಘಕ್ಕೆ ಬಂದ ಮೇಲೆ ಸುನೀತನಿಗೆ ಬೀದಿಯ ಹೆಸರಿರಲಿಲ್ಲ. ನನ್ನ ಒಂಬತ್ತನೇ ತರಗತಿ ಇನ್ನೂ ಸಂಘವಾಗಿಲ್ಲ. ಅಲ್ಲಿ ಪೊರಕೆ ಹಿಡಿದ ಹುಡುಗನನ್ನು ಸಂಜೆ ಯಾರಾದರೂ ಅವನ ಅಪ್ಪನ ಕೆಲಸ ಹೇಳಿ ಕರೆಯಬಲ್ಲರು.

ಹಾಗಾಗಿ ಈ ವರ್ಷ ಆ ಹುಡುಗನ ಹೆಸರು ಬ್ರಷ್ ಮತ್ತು ಸ್ಕ್ರೂಡ್ರೈವರ್ ಪಟ್ಟಿಯಲ್ಲಿ ಮಾತ್ರ ಇತ್ತು. ಹೀಟ್‌ಸಿಂಕಿನ ಸಂದಿಯಿಂದ ಅವನು ಧೂಳು ತೆಗೆದ ರೀತಿ ನೀವು ನೋಡಬೇಕಿತ್ತು, ಒಂದು ವೈರೂ ಅಲುಗಲಿಲ್ಲ. ಗುಡಿಸುವ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ಊರಿನ ದೊಡ್ಡ ಮನೆಯ ಹುಡುಗನದು. ಅವನು ಪೊರಕೆಯನ್ನು ತಲೆಕೆಳಗಾಗಿ ಹಿಡಿದಿದ್ದ, ಹೇಳಿಕೊಟ್ಟೆ.

ಒಬ್ಬಳು ಹುಡುಗಿ ಕೇಳಿದಳು: “ಸರ್, ಅವನಿಗೆ ಎಷ್ಟು ವರ್ಷ ಬಿಡುವು?” ಕೊಂಕಿನಿಂದ ಕೇಳಿದ್ದಲ್ಲ, ತಿಳಿಯಲೆಂದೇ ಕೇಳಿದ್ದು. ಅದನ್ನು ಅವನ ಅಪ್ಪ ಹೇಳಬೇಕಮ್ಮ, ನಾನಲ್ಲ ಎಂದೆ. ಅವಳಿಗೆ ಅದು ಸಾಕಾಗಲಿಲ್ಲ ಅನ್ನಿಸಿತು. ಭಾನುವಾರ ವಂದನೆ ಮುಗಿದ ಮೇಲೆ ಈ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ. ಮಕ್ಕಳನ್ನೂ ಕರೆತನ್ನಿ.