ಯಾರದೂ ಅಲ್ಲದ ಕಡಲಿನಲ್ಲಿ

ಮಧುಗಿರಿಯ ಏಕಶಿಲಾ ಬೆಟ್ಟದ ತುದಿಗೆ ಹತ್ತಿ ನಿಂತರೂ ಕಡಲು ಕಾಣುವುದಿಲ್ಲ. ಇಂಥ ಊರಿನಲ್ಲಿ ಕನ್ನಡ ಪಾಠ ಹೇಳಿಕೊಂಡಿರುವವನು ತಿಮಿಂಗಿಲದ ವಿಚಾರವೆತ್ತಿದರೆ ಓದುಗರು ನಗಬಹುದು. ಆದರೆ ಹೆಸರಾದರೂ ನಮ್ಮದೇ: ‘ತಿಮಿ’ ಎಂಬ ಹೆಮ್ಮೀನನ್ನು ನುಂಗುವುದು ತಿಮಿಂಗಿಲ. ಅದು ಮೀನೇ ಅಲ್ಲ, ಮರಿಗೆ ಹಾಲೂಡುವ ಪ್ರಾಣಿ ಎಂಬ ಮಾತು ಬೇರೆ. ಯಾವ ದೇಶಕ್ಕೂ ಸೇರದ ನಡುಗಡಲಿನಲ್ಲಿ ಒಂದು ದೇಶದವರು ಅದನ್ನು ಕೊಂದರೆ, ತಡೆಯುವ ಹಕ್ಕು ಮತ್ತೊಂದು ದೇಶಕ್ಕೆ ಉಂಟೇ?

ಇದರ ತಮ್ಮನಂಥ ಪ್ರಶ್ನೆಯೊಂದು ನಮ್ಮ ತಾಲ್ಲೂಕಿನಲ್ಲೇ ಇದೆ. ಆಂಧ್ರದ ಗಡಿಗೆ ಸಮೀಪದ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 798 ಎಕರೆಯ ಆ ನೆಲವನ್ನು 2007ರಲ್ಲಿ ಸರ್ಕಾರ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, ಜಯಮಂಗಲಿ ಹೊಳೆಯ ಹೆಸರಿಟ್ಟಿತು. ಮೃಗಕ್ಕೆ ಗಡಿಕಲ್ಲು ಓದಲು ಬರುವುದಿಲ್ಲ; ಹುಲ್ಲು ಸಾಲದೆ ಹೋದರೆ ಹೊಲಕ್ಕೆ ನುಗ್ಗುತ್ತದೆ. ಆ ಕಡೆಯ ರೈತರೊಬ್ಬರು ನನ್ನೊಡನೆ ಹೇಳಿದ್ದರು: “ಮೇಷ್ಟ್ರೇ, ಜಿಂಕೆ ಉಳೀಬೇಕು ಅಂತ ಎಲ್ಲರೂ ಹೇಳ್ತಾರೆ. ರಾತ್ರಿ ನಮ್ಮ ಕಡಲೆಕಾಯಿ ಹೊಲ ಕಾಯಕ್ಕೆ ಮಾತ್ರ ಒಬ್ಬರೂ ಬರಲ್ಲ.”

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಆತ ನಿಂತಿದ್ದುದು ತನ್ನ ಹೊಲದಲ್ಲಿ, ಮೇಯ್ದುಹೋದದ್ದು ತನ್ನ ಬೆವರು. ಆದರೆ ಸಾವಿರಾರು ಮೈಲಿ ದಾಟಿ ದಕ್ಷಿಣ ಧ್ರುವದ ಕಡಲಿಗೆ ಹೋದ ಜಪಾನಿನ ಹಡಗುಗಳಿಗೆ ಅಲ್ಲಿ ಯಾವ ಹೊಲವಿತ್ತು? ರೈತನ ದೂರನ್ನು ಅವರಿಗೆ ಎರವಲು ಕೊಡಲು ನನಗೆ ಮನಸ್ಸಿಲ್ಲ.

ಕಾನೂನಿನ ತೊಡಕೂ ಇದೆ. ನಡುಗಡಲಿನಲ್ಲಿ ಹಡಗಿಗೆ ಸಾಮಾನ್ಯವಾಗಿ ಅದರ ಧ್ವಜದ ದೇಶವೇ ದೊರೆ. ತಿಮಿಂಗಿಲ ಬೇಟೆಯನ್ನು ಹದ್ದಿನಲ್ಲಿಡಲು 1946ರಲ್ಲಿ ಒಡಂಬಡಿಕೆಯಾಯಿತು. ಅದರಂತೆ ರಚಿತವಾದ ಆಯೋಗ ವ್ಯಾಪಾರದ ಬೇಟೆಯನ್ನು ನಿಲ್ಲಿಸಲು 1982ರಲ್ಲಿ ತೀರ್ಮಾನಿಸಿತು. ಆದರೆ ವಿಜ್ಞಾನದ ಸಂಶೋಧನೆಗೆಂದು ಕೊಲ್ಲಲು ಒಡಂಬಡಿಕೆಯಲ್ಲಿ ಒಂದು ಕಿಂಡಿ ಉಳಿದಿತ್ತು. ಜಪಾನಿನ ಹಡಗುಗಳು ಆ ಕಿಂಡಿಯಲ್ಲೇ ತೂರಿದವು. ಸಂಶೋಧನೆಯ ಮಾಂಸ ಅಂಗಡಿಗೂ ಬಂದಿತು. 2010ರಲ್ಲಿ ಆಸ್ಟ್ರೇಲಿಯ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಕದ ತಟ್ಟಿತು. 2014ರ ಮಾರ್ಚಿ 31ರಂದು ತೀರ್ಪು ಬಂತು: ಇದು ಒಡಂಬಡಿಕೆ ಹೇಳುವ ಸಂಶೋಧನೆಯಲ್ಲ, ನಿಲ್ಲಿಸಿ. ಹಾಗೆಂದ ಹನ್ನೆರಡು ನ್ಯಾಯಾಧೀಶರಲ್ಲಿ ಭಾರತದ ದಲ್ವೀರ್ ಭಂಡಾರಿಯವರೂ ಒಬ್ಬರು.

ತಮಾಷೆಯೆಂದರೆ, ಆಸ್ಟ್ರೇಲಿಯ ತನ್ನ ಕೊನೆಯ ಬೇಟೆಯ ನೆಲೆಯನ್ನು ಮುಚ್ಚಿದ್ದು 1978ರಲ್ಲಿ. ಎಣ್ಣೆಗಾಗಿ ಕಡಲುಗಳನ್ನೇ ಬರಿದು ಮಾಡಿದವರಲ್ಲಿ ಅಮೆರಿಕದವರೂ ಬ್ರಿಟನ್ನಿನವರೂ ಇದ್ದಾರೆ. ಉಂಡು ಕೈತೊಳೆದವರು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗಾಯಿತು ಎಂದು ಜಪಾನಿನವನು ನಕ್ಕರೆ ತಪ್ಪೇ? ತಪ್ಪಲ್ಲ. ಆದರೂ ನಿನ್ನೆ ಕೊಂದವನು ಇಂದು ಬೇಡವೆನ್ನಬಾರದು ಎಂದಾದರೆ ಭೂಮಿಯ ಮೇಲೆ ಬೇಡವೆನ್ನುವವರೇ ಸಿಕ್ಕುವುದಿಲ್ಲ. 1972ರ ವನ್ಯಜೀವಿ ಕಾಯಿದೆಗೆ ಮುಂಚೆ ನಮ್ಮ ಬಯಲುಸೀಮೆಯಲ್ಲಿ ಕೃಷ್ಣಮೃಗದ ಬೇಟೆ ಮರ್ಯಾದಸ್ಥರ ವಿನೋದವಾಗಿರಲಿಲ್ಲವೇ?

ನಾನು ಒಪ್ಪಲಾರದ್ದು ಕೈಮಾಡುವ ಮಧ್ಯಪ್ರವೇಶವನ್ನು. 2010ರ ಜನವರಿಯಲ್ಲಿ ದಕ್ಷಿಣದ ಕಡಲಿನಲ್ಲಿ ಪ್ರತಿಭಟನಕಾರರ ದೋಣಿಗೂ ಜಪಾನಿನ ಹಡಗಿಗೂ ಡಿಕ್ಕಿಯಾಗಿ ದೋಣಿ ಮುರಿಯಿತು. ಇಂಥದನ್ನು ಸರ್ಕಾರಗಳೇ ಮಾಡತೊಡಗಿದರೆ, ನೌಕಾಬಲವಿದ್ದವನೇ ಧರ್ಮವಂತನಾಗುತ್ತಾನೆ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದಕ್ಕೆ ನಮ್ಮ ಹಿರಿಯರು ಮತ್ಸ್ಯನ್ಯಾಯವೆಂದರು. ತಿಮಿಂಗಿಲವನ್ನು ಉಳಿಸಲು ಹೋಗಿ ಅದನ್ನೇ ಕಡಲಿನ ಕಾನೂನು ಮಾಡಿದಂತಾದೀತು.

ನ್ಯಾಯಾಲಯದ ದಾರಿ ನಿಧಾನ, ನಿಜ. ತೀರ್ಪಿನ ನಂತರ ಜಪಾನು ಹೊಸ ಯೋಜನೆಯೊಂದನ್ನು ಹೊಸೆದು ಮತ್ತೆ ದಕ್ಷಿಣಕ್ಕೆ ಹೋಯಿತು. ಕೊನೆಗೆ 2019ರಲ್ಲಿ ಆಯೋಗವನ್ನೇ ಬಿಟ್ಟು, ದಕ್ಷಿಣದ ಬೇಟೆಯನ್ನೂ ಬಿಟ್ಟು, ತನ್ನ ಕಡಲಿನ ಎಲ್ಲೆಯೊಳಗೆ ವ್ಯಾಪಾರಕ್ಕೆಂದೇ ಕೊಲ್ಲತೊಡಗಿತು. ಗೆದ್ದವರಾರು? ನಡುಗಡಲಿನ ಮಟ್ಟಿಗೆ ಗೆದ್ದದ್ದು ತಿಮಿಂಗಿಲ. ಅಲ್ಲಿ ಎಲ್ಲರಿಗೂ ತಡೆಯುವ ಬಾಧ್ಯತೆಯಿತ್ತು. ಜಪಾನಿನ ಎಲ್ಲೆಯೊಳಗೆ ಹೊರಗಿನವರದು ಕೇಳಿಕೊಳ್ಳುವ ಮಾತು; ಕೇಳುವವನು ಬೆಸ್ತನ ನಷ್ಟದಲ್ಲಿ ಪಾಲು ಹೊರಲು ಸಿದ್ಧನಿರಬೇಕು.

ಇದನ್ನೆಲ್ಲ ಆ ರೈತರಿಗೆ ವಿವರಿಸಿದೆ. ತಾಳ್ಮೆಯಿಂದ ಕೇಳಿದರು. “ಹಂಗಾದ್ರೆ ಇವತ್ತು ರಾತ್ರಿ ಬರ್ತೀರಾ ಮೇಷ್ಟ್ರೇ?” ಎಂದು ಟಾರ್ಚು ಕೈಗೆತ್ತಿಕೊಂಡರು. ಬೆಳಿಗ್ಗೆ ಮೊದಲ ಪೀರಿಯಡ್ಡು ಇದೆಯೆಂದು ಹೇಳಿ ನಾನು ಮಧುಗಿರಿಯ ಬಸ್ಸು ಹತ್ತಿದೆ.