ಮರ್ಮರವೋ, ಗೊಣಗೋ?

ಇಂಗ್ಲಿಷಿನಲ್ಲಿ 'ಮರ್ಮರ್' ಎಂದೂ 'ಮಟರ್' ಎಂದೂ ಎರಡು ಅನುಕರಣ ಶಬ್ದಗಳಿವೆ. ಎರಡೂ ಸ್ಪಷ್ಟವಾಗಿ ಕೇಳಿಸದ ತಗ್ಗುದನಿಯನ್ನೇ ಹೇಳುತ್ತವೆ. ನಿಘಂಟನ್ನಷ್ಟೇ ನಂಬಿದ ವಿದ್ಯಾರ್ಥಿಗೆ ಇವುಗಳ ಅಂತರ ಹೊಳೆಯುವುದು ಕಷ್ಟ. ಆದರೆ ತೊರೆಗೆ ಸಲ್ಲುವುದು ಮೊದಲನೆಯದೇ. ಪ್ರಣಯಿಗಳ ಪಿಸುಮಾತಿಗೂ ಅದೇ. ಸಂಬಳ ಸಾಲದ ಗುಮಾಸ್ತನ ಪಾಲಿಗೆ ಬರುವುದು ಎರಡನೆಯದು.

ಉಚ್ಚರಿಸಿ ನೋಡಿದರೆ ಕಾರಣ ತುಸು ತಿಳಿಯುತ್ತದೆ. ಎರಡೂ ಮುಚ್ಚಿದ ತುಟಿಯಿಂದಲೇ ಹೊರಡುತ್ತವೆ. ಆಮೇಲೆ ಒಂದರಲ್ಲಿ ದನಿ ಕಡಿಯದೆ ಹರಿಯುತ್ತದೆ. ಇನ್ನೊಂದರಲ್ಲಿ ಟಕಾರ ಅಡ್ಡ ಬಂದು, ಹೇಳಹೊರಟದ್ದನ್ನು ಅಲ್ಲಿಯೇ ನುಂಗಿಕೊಂಡಂತಾಗುತ್ತದೆ. ಪ್ಲೇಟೋನ 'ಕ್ರಾಟಿಲಸ್' ಸಂವಾದದಲ್ಲಿ ಸಾಕ್ರಟೀಸನು ರಕಾರಕ್ಕೂ ಚಲನೆಗೂ ನಂಟು ಕಲ್ಪಿಸುತ್ತಾನೆ. ನಮ್ಮ ಅಮರಕೋಶದಲ್ಲಿಯೂ ಎಲೆಗಳ, ಬಟ್ಟೆಗಳ ಸದ್ದಿಗೆ 'ಮರ್ಮರ'ವೆಂದೇ ಹೆಸರು.

ಹಾಗಾದರೆ ವ್ಯತ್ಯಾಸವೆಲ್ಲ ನಾದದ್ದೇ? ಅಲ್ಲವೆಂದು ನನ್ನ ಮತ. 1611ರ ಇಂಗ್ಲಿಷ್ ಬೈಬಲ್ಲಿನ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ, ಅರಣ್ಯದಲ್ಲಿ ಹಸಿದ ಇಸ್ರಾಯೇಲರು ಮೋಶೆಯ ಮೇಲೆ ಗೊಣಗುವುದಕ್ಕೆ ಬಳಸಿರುವುದು ಮರ್ಮರ್ ಎಂಬ ಪದವನ್ನೇ. ತೊರೆಯಲ್ಲಿ ಇಂಪಾದದ್ದು ಹಸಿದವರ ಬಾಯಲ್ಲಿ ಅಪರಾಧವಾಯಿತು. ನಾದ ಬದಲಾಗಲಿಲ್ಲ, ಬೆಲೆ ಬದಲಾಯಿತು. 1916ರಲ್ಲಿ ಅಚ್ಚಾದ ಸೊಸ್ಯೂರನ ಉಪನ್ಯಾಸಗಳೂ ಅನುಕರಣ ಶಬ್ದಗಳಲ್ಲಿ ರೂಢಿಯ ಪಾಲು ಇದೆಯೆಂದೇ ಹೇಳುತ್ತವೆ.

ಆ ರೂಢಿಯೊಳಗೆ ಕೇಳುವವನ ಮನಸ್ಸು ಅಡಗಿ ಕುಳಿತಿರುತ್ತದೆ. 'ಗಂಟೆ ಢಣ್ ಎಂದಿತು' ಎಂಬುದು ಸಮಾಚಾರ. 'ಅವನು ಗೊಣಗಿದ' ಎಂಬುದು ತೀರ್ಪು. ಅದೂ ಅವನು ಹೇಳಿದ್ದೇನೆಂದು ವಿಚಾರಿಸದೆ ಕೊಟ್ಟ ತೀರ್ಪು. ಅಧಿಕಾರಿ ತಗ್ಗಿದ ದನಿಯಲ್ಲಿ ನುಡಿದರೆ ಗಾಂಭೀರ್ಯ, ಜವಾನ ನುಡಿದರೆ ಗೊಣಗು. ಮಾವನವರು ದೇವರ ಮುಂದೆ ತುಟಿ ಅಲುಗಿಸಿದರೆ ಜಪ, ಸೊಸೆ ಒಲೆಯ ಮುಂದೆ ಅಲುಗಿಸಿದರೆ ಗೊಣಗಾಟ.

ಕಾರಣವಿಲ್ಲದೆ ಗೊಣಗುವವರು ಇಲ್ಲವೇ ಎಂದು ವಾಚಕರು ಕೇಳಬಹುದು. ಧಾರಾಳವಾಗಿ ಇದ್ದಾರೆ. ಆದರೆ ಕಾರಣ ಇದೆಯೋ ಇಲ್ಲವೋ ಎಂಬುದು ಮಾತನ್ನು ಪೂರ್ತಿ ಕೇಳಿದ ಮೇಲೆ ತಿಳಿಯುವ ಸಂಗತಿ. ದನಿಯ ಮಟ್ಟದಿಂದ ತಿಳಿಯುವುದಲ್ಲ. ಎಷ್ಟೋ ಮಂದಿ ತಗ್ಗಿದ ದನಿಯಲ್ಲಿ ಆಡುವುದು, ಗಟ್ಟಿಯಾಗಿ ಆಡಲು ನಾವು ಅವರಿಗೆ ಎಡೆಗೊಡದಿರುವುದರಿಂದ. ಬಾಯಿ ಕಟ್ಟಿದವರೂ ನಾವೇ, ಗೊಣಗುತ್ತಾರೆಂದು ದೂರುವವರೂ ನಾವೇ ಆದರೆ ಅದು ಇಮ್ಮಡಿ ಅನ್ಯಾಯ.

ನಮ್ಮಲ್ಲಿ 'ಏನಂದೆ?' ಎಂಬ ಪ್ರಶ್ನೆಯಿದೆ. ಕಣ್ಣು ಕೆಂಪು ಮಾಡಿ ಕೇಳಿದರೆ ಎದುರಿಗಿದ್ದವನು 'ಏನಿಲ್ಲ' ಎನ್ನುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು 'ಏನಂದೆಯಪ್ಪ?' ಎಂದರೆ ಅವನಿಗೆ ಮಾತು ಬರುತ್ತದೆ. ಬೈಬಲ್ಲಿನ ಅದೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲರ ಗೊಣಗನ್ನು ತಾನು ಕೇಳಿದೆನೆಂದು ಹೇಳಿ, ಸಂಜೆಗೆ ಲಾವಕ್ಕಿಯನ್ನೂ ಬೆಳಗ್ಗೆ ಮನ್ನವನ್ನೂ ಕೊಡುತ್ತಾನೆ. ಗೊಣಗೆಂದು ಹೆಸರಿಟ್ಟ ಮೇಲೂ ಅದರೊಳಗಿದ್ದ ಹಸಿವು ಅವನ ಕಿವಿಗೆ ಬಿದ್ದಿತ್ತು.