ಬರಹಕ್ಕೊಂದು ಮುಖ

ಬರೆದು ಮುಗಿಸಿದ ಮೇಲೆ ಒಂದು ಫೋಟೋ ಹುಡುಕೋದು ನನಗೆ ಊಟ ಆದ ಮೇಲಿನ ಎಲೆ ಅಡಿಕೆ ಥರ ಆಗಿಬಿಟ್ಟಿತ್ತು. ಇಲ್ಲದಿದ್ದರೂ ನಡೆಯುತ್ತೆ, ಆದ್ರೆ ಏನೋ ಬಾಕಿ ಉಳಿದಂತೆ. ಫೋಟೋ ಇಲ್ಲದ ಬರಹವನ್ನು ಜನ ಹೆಬ್ಬೆರಳಲ್ಲಿ ತಳ್ಳಿ ಮುಂದೆ ಹೋಗ್ತಾರೆ. ನಾನೂ ಹಾಗೇ ಮಾಡ್ತೀನಿ, ಸುಳ್ಳು ಯಾಕೆ ಹೇಳ್ಲಿ.

ಎರಡು ವರ್ಷದ ಹಿಂದೆ ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಂಗಸರ ಬಗ್ಗೆ ಬರೆದಿದ್ದೆ. ಸಂಜೆ ಹೊಸೂರು ರಸ್ತೆಯಲ್ಲಿ ಬಸ್ಸು ಹತ್ತಿದರೆ ಅವರೇ ತುಂಬಿರುತ್ತಾರೆ. ಕೈಯಲ್ಲಿ ಟಿಫನ್ ಬ್ಯಾಗು, ಸೆರಗಿನ ಮೇಲೆ ದಾರದ ಚೂರು. ನಾವು ಹಾಕಿಕೊಳ್ಳುವ ಶರಟಿನ ಹಿಂದೆ ಎಂಥ ದಣಿವಿದೆ, ಅವರ ಘನತೆಯ ಬಗ್ಗೆ ಯಾರೂ ಯಾಕೆ ಯೋಚಿಸಲ್ಲ ಅಂತೆಲ್ಲ ಬರೆದೆ. ಅದಕ್ಕೊಂದು ಫೋಟೋನೂ ಸಿಕ್ಕಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದರು. ನಾನು ಮೆಸೇಜ್ ನೋಡುವವಳ ಹಾಗೆ ನಟಿಸುತ್ತಾ ಕ್ಲಿಕ್ ಮಾಡಿದ್ದೆ. ಆ ನಟನೆಯೇ ನನಗೆ ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ.

ಆ ಬರಹ ಚೆನ್ನಾಗಿ ಓಡಿತು. ತುಂಬಾ ಜನ ‘ಫೋಟೋ ನೋಡಿ ಕಣ್ಣು ತುಂಬಿ ಬಂತು’ ಅಂದರು. ಬರಹ ಓದಿ ಅಂತ ಯಾರೂ ಅನ್ನಲಿಲ್ಲ ಅನ್ನೋದು ಬೇರೆ ಮಾತು.

ಮೂರು ವಾರ ಆದ ಮೇಲೆ ನಮ್ಮನೆ ಅಡುಗೆಗೆ ಬರುವ ಅಕ್ಕ ಚಪಾತಿ ಲಟ್ಟಿಸುತ್ತಾ ಕೇಳಿದರು. “ಮೇಡಂ, ಬಸ್ಸಲ್ಲಿ ಮಲ್ಗಿರೋ ಫೋಟೋ ಹಾಕಿರೋದು ನೀವೇನಾ? ಅವ್ರು ನಮ್ ಹಿಂದಿನ ಬೀದಿಯವ್ರು.” ನಾನು ಉತ್ಸಾಹದಿಂದ, ಅವರ ಕಷ್ಟದ ಬಗ್ಗೆಯೇ ಬರೆದಿದ್ದು ಅಂದೆ. “ಅದ್ಸರಿ. ಕಷ್ಟ ಬರೀಬೇಕು ಅಂದ್ರೆ ಎಬ್ಬಿಸಿ ಕೇಳ್ಬೋದಿತ್ತಲ್ಲ?” ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ಆ ಹೆಂಗಸು ಅವತ್ತು ದಣಿದಿದ್ದು ಫ್ಯಾಕ್ಟರಿ ಕೆಲಸಕ್ಕಲ್ಲವಂತೆ. ಹಿಂದಿನ ರಾತ್ರಿ ಅಣ್ಣನ ಮಗಳ ಮದುವೆ ಮನೆಯಲ್ಲಿ ಬೆಳಗಿನ ಜಾವದ ತನಕ ಎಲ್ಲರ ಜೊತೆ ಕೂತು ನಕ್ಕಿದ್ದೇ ನಕ್ಕಿದ್ದಂತೆ.

ನಾನು ಶೋಷಣೆ ಅಂತ ತೋರಿಸಿದ್ದು ಒಂದು ಮದುವೆಮನೆಯ ನಿದ್ದೆಯನ್ನು.

ಇದಾದ ಮೇಲೆ ನನಗೆ ಪದೇ ಪದೇ ನೆನಪಾಗೋದು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಹೆಸರು ಗೊತ್ತಿಲ್ಲದಿರಬಹುದು, ಮುಖ ನೀವು ಖಂಡಿತ ನೋಡಿರ್ತೀರಿ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೀಳುವ ಕೂಲಿಗಳ ಶಿಬಿರದಲ್ಲಿ ಡೊರೋಥಿಯಾ ಲ್ಯಾಂಗ್ ತೆಗೆದ ‘ಮೈಗ್ರೆಂಟ್ ಮದರ್’. ಮುಖ ತಿರುಗಿಸಿಕೊಂಡು ಭುಜಕ್ಕೊರಗಿದ ಮಕ್ಕಳು, ಗಲ್ಲದ ಹತ್ತಿರ ಕೈ, ಎಲ್ಲೋ ನೋಡುತ್ತಿರುವ ಕಣ್ಣು. ಲ್ಯಾಂಗ್ ಸರ್ಕಾರದ ಕೆಲಸದ ಮೇಲೆ ಹೋಗಿದ್ದವರು. ಆ ಹೆಂಗಸಿನ ಹೆಸರು ಕೇಳಲಿಲ್ಲ. ಊಟಕ್ಕಾಗಿ ಕಾರಿನ ಟೈರು ಮಾರಿಕೊಂಡಿದ್ದರು ಅಂತ ಲ್ಯಾಂಗ್ ಹೇಳಿದರು. ಹಾಗೇನೂ ಆಗಿರಲಿಲ್ಲ ಅಂತ ಮಕ್ಕಳು ಆಮೇಲೆ ಹೇಳಿದರು. ಫೋಟೋ ಪತ್ರಿಕೆಯಲ್ಲಿ ಬಂದಿದ್ದೇ ಆ ಶಿಬಿರಕ್ಕೆ ಸುಮಾರು 20,000 ಪೌಂಡ್ ಆಹಾರ ಬಂತು. ಅಷ್ಟರಲ್ಲಿ ಥಾಂಪ್ಸನ್ ಕುಟುಂಬ ಕೆಲಸ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿಯಾಗಿತ್ತು.

ಆಕೆಯ ಹೆಸರು ಲೋಕಕ್ಕೆ ಗೊತ್ತಾಗಿದ್ದು 1978ರಲ್ಲಿ. ನಲವತ್ತೆರಡು ವರ್ಷ ಬಡತನಕ್ಕೆ ಆಕೆಯೇ ಮುಖ, ಆಕೆಗೆ ಮಾತ್ರ ಹೆಸರಿಲ್ಲ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ ಅಂತ ಆಕೆ ದೂರಿದರು. ಸರ್ಕಾರಿ ಫೋಟೋ ಆದ್ದರಿಂದ ಅದಕ್ಕೆ ಹಕ್ಕುಸ್ವಾಮ್ಯ ಇಲ್ಲ. ನಾಳೆ ನನ್ನ ಬರಹಕ್ಕೆ ನಾನು ಅದನ್ನ ಹಾಕಿಕೊಂಡರೆ ಯಾರ ಅಪ್ಪಣೆಯೂ ಬೇಕಿಲ್ಲ, ಕಾನೂನಿಗೆ ಏನೂ ತಕರಾರಿಲ್ಲ.

ಇಲ್ಲೇ ನಾನು ಎಡವಿದ್ದು. ಫೋಟೋ ಹಾಕುವಾಗ ನಾವೆಲ್ಲ ಕೇಳಿಕೊಳ್ಳುವ ಒಂದೇ ಪ್ರಶ್ನೆ, ಇದು ಯಾರದ್ದು? ನಮ್ಮ 1957ರ ಕಾಯ್ದೆಯೂ ಸಾಮಾನ್ಯವಾಗಿ ತೆಗೆದವರದ್ದು ಅನ್ನುತ್ತೆ. ಕ್ರಿಯೇಟಿವ್ ಕಾಮನ್ಸ್ ಅಂತ ಬರೆದಿದ್ದರೆ ನೆಮ್ಮದಿಯಾಗಿ ಇಳಿಸಿಕೊಂಡು ಕೆಳಗೆ ‘ಕೃಪೆ’ ಅಂತ ಹಾಕ್ತೀವಿ. ಆ ಅಪ್ಪಣೆ ಕೊಟ್ಟಿರೋದು ಕ್ಯಾಮೆರಾ ಹಿಡಿದವರು. ಮುಂದೆ ನಿಂತವರನ್ನು ಕೇಳಿದ್ದಾರೋ ಇಲ್ಲವೋ ಆ ಲೈಸೆನ್ಸಿನಲ್ಲಿ ಇರುವುದಿಲ್ಲ. ಬಸ್ಸಿನ ಫೋಟೋ ನನ್ನದೇ ಫೋನಿನದ್ದು, ಹಾಗಾಗಿ ನನ್ನದು ಅಂದುಕೊಂಡಿದ್ದೆ.

ಹಾಗಂತ ಎಲ್ಲರನ್ನೂ ಕೇಳಿಯೇ ತೆಗೆಯಬೇಕು ಅಂದರೆ ಲೋಕದ ಎಷ್ಟೋ ಫೋಟೋಗಳು ಇರುತ್ತಿರಲಿಲ್ಲ. ಲಾಠಿ ಬೀಸುವವನನ್ನು ಕೇಳಿ ತೆಗೆಯೋಕಾಗುತ್ತಾ? ಥಾಂಪ್ಸನ್ ಕತೆಯೂ ಅಷ್ಟಕ್ಕೇ ಮುಗಿಯಲ್ಲ. 1983ರಲ್ಲಿ ಆಕೆ ಕಾಯಿಲೆ ಬಿದ್ದಾಗ ಮಕ್ಕಳು ಸಹಾಯ ಕೇಳಿದರು. ದುಡ್ಡಿನ ಜೊತೆ ಎಲ್ಲೆಲ್ಲಿಂದಲೋ ಕಾಗದಗಳು ಬಂದವು. ಅಲ್ಲಿಯವರೆಗೆ ಆ ಫೋಟೋವನ್ನು ಶಾಪ ಅಂದುಕೊಂಡಿದ್ದ ಮಕ್ಕಳಿಗೆ ಆ ಕಾಗದಗಳನ್ನು ಓದಿ ಹೆಮ್ಮೆ ಅನ್ನಿಸಿತಂತೆ. ಆಕೆ ಅದೇ ವರ್ಷ ತೀರಿಕೊಂಡರು. ಈಗ ಇದನ್ನ ಸರಿಯ ಕಡೆ ಬರೆಯೋದೋ ತಪ್ಪಿನ ಕಡೆಯೋ? ನನಗೆ ಎರಡೂ ಕಡೆ ಬರೆಯೋಕೆ ಧೈರ್ಯ ಬರಲ್ಲ.

ಒಂದು ಮಾತ್ರ ಪರೀಕ್ಷೆ ಮಾಡಿ ನೋಡಿದೆ. ನಮ್ಮಪ್ಪ ದಿನಾ ಮಧ್ಯಾಹ್ನ ಟಿವಿ ಮುಂದೆ ಬನಿಯನ್ನಿನಲ್ಲಿ ಥೇಟ್ ಆ ಹೆಂಗಸಿನ ಹಾಗೇ ಬಾಯಿ ತೆರೆದುಕೊಂಡು ನಿದ್ದೆ ಮಾಡ್ತಾರೆ. ಮುಪ್ಪಿನ ಬಗ್ಗೆ ಎಷ್ಟು ಒಳ್ಳೇದು ಬರೆದರೂ ಆ ಫೋಟೋ ಹಾಕ್ತೀನಾ? ಜನ್ಮದಲ್ಲಿ ಇಲ್ಲ. ಅಪ್ಪ ಬೈತಾರೆ. ಬಸ್ಸಿನ ಹೆಂಗಸು ನನ್ನನ್ನು ಬೈಯುವಷ್ಟು ಹತ್ತಿರ ಇರಲಿಲ್ಲ ಅನ್ನೋದೇ ನನ್ನ ಧೈರ್ಯ ಆಗಿತ್ತು. ಘನತೆ ಅಂತ ಬರೆದ ಕೈಯೇ ಅದು.

ಅವತ್ತೇ ರಾತ್ರಿ ಫೋಟೋ ತೆಗೆದುಹಾಕಿದೆ. ಮುಖ ಮಸುಕು ಮಾಡಿ ಉಳಿಸೋಣ ಅಂತಲೂ ಒಂದು ಕ್ಷಣ ನೋಡಿದೆ. ಮುಖ ಅಳಿಸಿದ ಮೇಲೆ ಅದರಲ್ಲಿ ನನಗೆ ಬೇಕಾಗಿದ್ದು ಏನೂ ಉಳಿಯಲಿಲ್ಲ. ಅಕ್ಕನ ಕೈಯಲ್ಲಿ ಕ್ಷಮೆ ಕೇಳಿ ಕಳಿಸಿದೆ. “ಇರ್ಲಿ ಬಿಡಿ ಅಂದ್ರು, ಆದ್ರೆ ಮಗ ಎರಡು ದಿನ ಮಾತಾಡಿಲ್ವಂತೆ” ಅಂತ ಬಂದು ಹೇಳಿದರು.

ಮೊನ್ನೆ ಮೇ ತಿಂಗಳಲ್ಲಿ ಅಕ್ಕ ತಮ್ಮ ಫೋನು ತಂದು ತೋರಿಸಿದರು. ಅವರ ಚೀಟಿ ಗುಂಪಿಗೆ ಯಾರೋ ಕಳಿಸಿದ್ದು. ಅದೇ ಕಿಟಕಿ, ಅದೇ ನಿದ್ದೆ. ಸುತ್ತ ಗುಲಾಬಿ ಹೂವಿನ ಚೌಕಟ್ಟು, ಕೆಳಗೆ ತಾಯಂದಿರ ದಿನದ ಶುಭಾಶಯ. “ಇದನ್ನೂ ತೆಗ್ಸಿ ಮೇಡಂ” ಅಂದರು. ಯಾರಿಗೆ ಫೋನ್ ಮಾಡಿ ತೆಗೆಸಲಿ ಅಂತ ಗೊತ್ತಾಗದೆ ಅವರ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ.